ಹಳೆಯ ರೆಡ್ ಆಕ್ಸೈಡ್ ನೆಲಕ್ಕೆ ಎಪಾಕ್ಸಿ ಹಾಕುವ ಮುನ್ನ: ನೆಲವನ್ನು ಸಜ್ಜುಗೊಳಿಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ, ಮೈಸೂರಿನ ಅಗ್ರಹಾರದ ಬೀದಿಗಳಲ್ಲಿ, ಕರಾವಳಿಯ ಹೆಂಚಿನ ಮನೆಗಳಲ್ಲಿ ಇಂದಿಗೂ ಉಳಿದುಕೊಂಡಿರುವ ಕೆಂಪು ಗಾರೆ (ರೆಡ್ ಆಕ್ಸೈಡ್) ನೆಲಗಳನ್ನು ಒಡೆದು ಟೈಲ್ಸ್ ಹಾಕಿಸುವ ಬದಲು, ಇರುವ ನೆಲದ ಮೇಲೆಯೇ ಎಪಾಕ್ಸಿ ಅಥವಾ ಪಾಲಿಯುರೆಥೇನ್ ರೆಸಿನ್ (ದ್ರವವಾಗಿ ಹಚ್ಚಿದ ಮೇಲೆ ಗಟ್ಟಿಯಾಗುವ ರಾಳ) ಲೇಪನ ಮಾಡಿಸಲು ಈಗ ಅನೇಕರು ಮುಂದಾಗುತ್ತಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಇಂಥ ಲೇಪನ ಕೆಲವೇ ತಿಂಗಳಲ್ಲಿ ಗುಳ್ಳೆಯೆದ್ದು ಸಿಪ್ಪೆ ಸಿಪ್ಪೆಯಾಗಿ ಏಳುವುದುಂಟು. ಅಂಥ ಹೆಚ್ಚಿನ ಸಂದರ್ಭಗಳಲ್ಲಿ ದೋಷ ಡಬ್ಬದಲ್ಲಿದ್ದ ರೆಸಿನ್ನಿನದಾಗಿರುವುದಿಲ್ಲ. ಅದರ ಕೆಳಗಿದ್ದ ನೆಲವನ್ನು ಸರಿಯಾಗಿ ಸಜ್ಜುಗೊಳಿಸಿರುವುದಿಲ್ಲ.

ಈ ನೆಲಗಳಲ್ಲಿ ಒಂದು ಮೂಲಭೂತ ತೊಡಕಿದೆ. ರೆಸಿನ್ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದರೆ ನೆಲದ ಮೈ ಸ್ವಲ್ಪ ತರಿತರಿಯಾಗಿರಬೇಕು, ರಂಧ್ರಗಳು ತೆರೆದಿರಬೇಕು. ಆಕ್ಸೈಡ್ ನೆಲವನ್ನು ಮಾಡಿದವರಾದರೋ ಇದಕ್ಕೆ ತದ್ವಿರುದ್ಧವಾದುದನ್ನೇ ಸಾಧಿಸಲು ಶ್ರಮಿಸಿದ್ದರು: ಒದ್ದೆ ಗಾರೆಯ ಮೇಲೆ ಸಿಮೆಂಟು ಮತ್ತು ಕಬ್ಬಿಣದ ಆಕ್ಸೈಡ್ ಪುಡಿಯ ಮಿಶ್ರಣವನ್ನು ಹರಡಿ, ಕರಣೆಯಿಂದ ಮತ್ತೆ ಮತ್ತೆ ಉಜ್ಜಿ ಪ್ರತಿ ರಂಧ್ರವನ್ನೂ ಮುಚ್ಚಿ, ಆಮೇಲೆ ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ಮತ್ತು ಮೇಣದಿಂದ ತಿಕ್ಕಿ ಹೊಳಪು ತಂದಿದ್ದರು. ಬಣ್ಣವಿರುವುದು ಆ ಮೇಲಿನ ಕೆಲವೇ ಮಿಲಿಮೀಟರ್ ದಪ್ಪದ ಪದರದಲ್ಲಿ ಮಾತ್ರ. ಹೊಸ ಕಾಂಕ್ರೀಟಿಗೆ ಹೇಳಿದ ವಿಧಾನವನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ ಬಣ್ಣವೇ ಹೋಗಿ ಬೂದು ಸಿಮೆಂಟು ಕಾಣಿಸಿಕೊಳ್ಳುತ್ತದೆ. ಹೋಗುವುದೆಂದು ಹೆದರಿ ಏನೂ ಉಜ್ಜದೆ ಬಿಟ್ಟರೆ ಲೇಪನ ನಿಲ್ಲುವುದಿಲ್ಲ. ಕೆಳಗೆ ವಿವರಿಸುವ ಪ್ರತಿ ಹಂತದಲ್ಲಿಯೂ ಈ ಎರಡರ ನಡುವಿನ ಹದವನ್ನು ಹುಡುಕಬೇಕಾಗುತ್ತದೆ.

ಯಾವ ನೆಲ, ಯಾವ ಲೇಪನ

ಮೊದಲು ನೆಲ ಯಾವ ಬಗೆಯದೆಂದು ಗುರುತಿಸಬೇಕು. ಕೆಂಪು, ಹಸಿರು, ಹಳದಿ ಅಥವಾ ಕಪ್ಪು ಬಣ್ಣದ ಆಕ್ಸೈಡ್ ನೆಲವಾದರೆ ಬಣ್ಣದ ಪದರ ತೆಳು. ಐಪಿಎಸ್ ಎಂದು ಕರೆಯುವ ಬೂದುಬಣ್ಣದ ಸಾದಾ ಸಿಮೆಂಟು ನೆಲ ಸಾಮಾನ್ಯವಾಗಿ 25ರಿಂದ 40 ಮಿ.ಮೀ. ದಪ್ಪದ ಕಾಂಕ್ರೀಟಾಗಿರುವುದರಿಂದ ಅದನ್ನು ಸ್ವಲ್ಪ ಧಾರಾಳವಾಗಿಯೇ ಉಜ್ಜಬಹುದು. ಅಮೃತಶಿಲೆಯ ಚೂರುಗಳಿರುವ ಮೊಸಾಯಿಕ್ ನೆಲವನ್ನು ಮಾಡುವಾಗಲೇ ಯಂತ್ರದಿಂದ ಅರೆದು ನಯಗೊಳಿಸಿರುತ್ತಾರೆ, ಆದ್ದರಿಂದ ಅದೂ ಅರೆಯುವಿಕೆಯನ್ನು ತಾಳಿಕೊಳ್ಳುತ್ತದೆ. ಈ ಮೂರರಲ್ಲಿ ಕಷ್ಟದ್ದು ಆಕ್ಸೈಡ್ ನೆಲ. ಆದ್ದರಿಂದ ಈ ಬರಹದ ಬಹುಭಾಗ ಅದಕ್ಕೇ ಮೀಸಲು.

ಬಣ್ಣದ ಪದರದ ದಪ್ಪವನ್ನು ಊಹಿಸಬಾರದು. ಹೊಸ್ತಿಲಿನ ಪಕ್ಕ, ಬಚ್ಚಲಿನ ಅಂಚು, ಹಳೆಯ ಬಿರುಕು ಅಥವಾ ಪೈಪಿಗಾಗಿ ಕೊರೆದ ತೂತು ಇರುವಲ್ಲಿ ಅಡ್ಡಸೀಳು ಕಣ್ಣಿಗೆ ಕಾಣಿಸುತ್ತದೆ. ಕೆಂಪು ಎಲ್ಲಿಯವರೆಗಿದೆ, ಬೂದು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಎರಡು ಮೂರು ಕಡೆ ನೋಡಿ ಬರೆದಿಟ್ಟುಕೊಳ್ಳಿ. ನಡುಮನೆಯಲ್ಲಿ ಓಡಾಟದ ದಾರಿ ಸವೆದು ಅಲ್ಲಿ ಪದರ ಇನ್ನೂ ತೆಳುವಾಗಿರುತ್ತದೆ ಎಂಬುದೂ ನೆನಪಿರಲಿ.

ಕೆಳಗಿನ ಬಣ್ಣ ಕಾಣುವ ಪಾರದರ್ಶಕ ಲೇಪನ ಬೇಕೇ ಅಥವಾ ಎಲ್ಲವನ್ನೂ ಮುಚ್ಚುವ ಬಣ್ಣದ ಲೇಪನವೇ ಎಂಬುದನ್ನೂ ಈಗಲೇ ತೀರ್ಮಾನಿಸಬೇಕು. ಎಲ್ಲವನ್ನೂ ಮುಚ್ಚುವುದಾದರೆ ಉಜ್ಜಿದ ಗೆರೆ, ತೇಪೆ, ಕಲೆ ಯಾವುದೂ ಲೆಕ್ಕಕ್ಕಿಲ್ಲ. ಪಾರದರ್ಶಕವಾದರೆ ಪ್ರತಿಯೊಂದು ಗೀರೂ, ಪ್ರತಿಯೊಂದು ತೇಪೆಯೂ ಲೇಪನದ ಕೆಳಗೆ ಶಾಶ್ವತವಾಗಿ ಉಳಿಯುತ್ತದೆ, ಒದ್ದೆಯಾದ ನೆಲದಂತೆ ಬಣ್ಣವೂ ಗಾಢವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ, ಚೆನ್ನಾಗಿರುವ ಆಕ್ಸೈಡ್ ನೆಲವನ್ನು ಬೂದುಬಣ್ಣದ ಎಪಾಕ್ಸಿಯಿಂದ ಮುಚ್ಚುವುದಕ್ಕೆ ಯಾವ ಕಾರಣವೂ ಸಾಲದು. ಇಂದು ಅಂಥ ನೆಲವನ್ನು ಹೊಸದಾಗಿ ಮಾಡಬಲ್ಲ ಗಾರೆ ಕೆಲಸದವರು ವಿರಳವಾಗುತ್ತಿದ್ದಾರೆ. ಬಿಸಿಲು ಬೀಳುವ ಕೋಣೆಯಲ್ಲಿ ಸಾಮಾನ್ಯ ಎಪಾಕ್ಸಿ ಹಳದಿಗಟ್ಟುತ್ತದೆ, ಆದ್ದರಿಂದ ಅಲ್ಲಿ ಅದರ ಮೇಲೆ ಅಲಿಫ್ಯಾಟಿಕ್ ಪಾಲಿಯುರೆಥೇನಿನ ಒಂದು ಕೋಟು ಬೇಕಾಗುತ್ತದೆ ಎಂಬುದನ್ನು ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ತಟ್ಟಿ ನೋಡುವುದು

ಪೀಠೋಪಕರಣಗಳನ್ನೆಲ್ಲ ಹೊರಗಿಟ್ಟು, ನೆಲ ಗುಡಿಸಿ, ಸಣ್ಣ ಸುತ್ತಿಗೆಯ ಹಿಡಿಯಿಂದಲೋ ದಪ್ಪ ನಾಣ್ಯದಿಂದಲೋ ಒಂದೊಂದು ಅಡಿಗೆ ತಟ್ಟುತ್ತ ಹೋಗಬೇಕು. ಗಟ್ಟಿ ನೆಲದ ಸದ್ದು ಬಿಗಿಯಾಗಿ, ಚಿಕ್ಕದಾಗಿ ಕೇಳಿಸುತ್ತದೆ. ಬಣ್ಣದ ಪದರ ಕೆಳಗಿನ ಕಾಂಕ್ರೀಟಿನಿಂದ ಬಿಟ್ಟುಕೊಂಡಿರುವಲ್ಲಿ ಟೊಳ್ಳು ಸದ್ದು ಬರುತ್ತದೆ. ಅಂಥ ಜಾಗಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಲೇಪನ ಎಷ್ಟೇ ಗಟ್ಟಿಯಾಗಿ ಅಂಟಿದರೂ ಅದು ಅಂಟುವುದು ಮೇಲಿನ ಪದರಕ್ಕೆ. ಆ ಪದರವೇ ಕೆಳಗೆ ಬಿಟ್ಟಿದ್ದರೆ ಲೇಪನ ಅದನ್ನೂ ಎತ್ತಿಕೊಂಡು ಬರುತ್ತದೆ. ಅಂಗೈ ಅಗಲದ ಟೊಳ್ಳುಗಳಿದ್ದರೆ ಸಣ್ಣ ತೂತು ಕೊರೆದು ತೆಳುವಾದ ಎಪಾಕ್ಸಿಯನ್ನು ಸಿರಿಂಜಿನಿಂದ ತುಂಬಿಸಿ ಮೇಲೆ ಭಾರವಿಡಬಹುದು. ಕೋಣೆಯ ಕಾಲುಭಾಗಕ್ಕಿಂತ ಹೆಚ್ಚು ಟೊಳ್ಳಾಗಿದ್ದರೆ ಲೇಪನದ ಯೋಚನೆಯನ್ನೇ ಬಿಡುವುದು ವಿವೇಕ.

ಮೇಲ್ಮೈಯ ಗಟ್ಟಿತನವನ್ನೂ ನೋಡಬೇಕು. ಮೊಳೆಯಿಂದ ಗೀರಿದಾಗ ತೆಳ್ಳಗೆ ಬಿಳಿ ಗೆರೆ ಮೂಡಿದರೆ ಸರಿ, ಪುಡಿ ಉದುರುತ್ತ ಕಾಲುವೆಯಂತೆ ಕೊರೆದುಕೊಂಡರೆ ಮೇಲ್ಪದರ ಸತ್ವ ಕಳೆದುಕೊಂಡಿದೆ ಎಂದರ್ಥ. ರೆಸಿನ್ ತಯಾರಕರು ಸಾಮಾನ್ಯವಾಗಿ ಕೇಳುವುದು ಚದರ ಮಿಲಿಮೀಟರಿಗೆ ಕನಿಷ್ಠ 1.5 ನ್ಯೂಟನ್ ಎಳೆತವನ್ನು ತಡೆಯುವ ಮೇಲ್ಮೈ ಮತ್ತು 25 ನ್ಯೂಟನ್ ಒತ್ತಡವನ್ನು ತಾಳುವ ಕಾಂಕ್ರೀಟು. ದೊಡ್ಡ ಕೆಲಸವಾದರೆ ಮೇಲ್ಮೈಯನ್ನು ಎಳೆದು ನೋಡುವ ಪುಲ್-ಆಫ್ ಯಂತ್ರದಿಂದ ಎಳೆತದ ಬಲವನ್ನು ಅಳೆಯಿಸಬಹುದು.

ನೆಲದೊಳಗಿನ ನೀರು

ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ವಿಷಯ ಇದು. ಹಳೆಯ ಮನೆಗಳ ನೆಲಮಹಡಿಯಲ್ಲಿ ಮಣ್ಣನ್ನು ಬಡಿದು ಗಟ್ಟಿಮಾಡಿ, ಸೋಲಿಂಗ್ ಕಲ್ಲು ಜೋಡಿಸಿ, ಅದರ ಮೇಲೆ ಜಲ್ಲಿ ಮತ್ತು ಸುಣ್ಣದ ಅಥವಾ ಸಿಮೆಂಟಿನ ಕಾಂಕ್ರೀಟು ಹಾಕಿ ಗಾರೆ ಮಾಡುತ್ತಿದ್ದರು. ತೇವ ತಡೆಯುವ ಪ್ಲಾಸ್ಟಿಕ್ ಹಾಳೆ ಅವುಗಳ ಕೆಳಗೆ ಇರುವುದಿಲ್ಲ. ಮಣ್ಣಿನ ತೇವ ಆವಿಯಾಗಿ ನೆಲದ ಮೂಲಕ ಸದಾ ಮೇಲೇರುತ್ತಿರುತ್ತದೆ. ನೆಲ ಉಸಿರಾಡುವುದರಿಂದ ಅದು ಗಾಳಿಗೆ ಸೇರಿಹೋಗುತ್ತದೆ, ನಮ್ಮ ಗಮನಕ್ಕೇ ಬರುವುದಿಲ್ಲ. ಅದರ ಮೇಲೆ ನೀರಾವಿಯನ್ನು ಬಿಡದ ಎಪಾಕ್ಸಿ ಹಾಸಿದರೆ ಆ ತೇವ ಲೇಪನದ ಕೆಳಗೆ ಸಿಕ್ಕಿಬೀಳುತ್ತದೆ. ಅದು ಜೊತೆಯಲ್ಲಿ ತಂದ ಕ್ಷಾರ ಮತ್ತು ಲವಣಗಳು ಲೇಪನದ ಬೆಸುಗೆಯನ್ನು ಸಡಿಲಿಸುತ್ತವೆ, ಗುಳ್ಳೆಗಳು ಏಳುತ್ತವೆ. ಇನ್ನೂ ಒಂದು ಪರಿಣಾಮವಿದೆ, ಅದನ್ನು ಬಹಳ ಜನ ಎಣಿಸುವುದಿಲ್ಲ: ಮೇಲೆ ದಾರಿಯಿಲ್ಲದ ತೇವ ಪಕ್ಕಕ್ಕೆ ಸರಿದು ಮಣ್ಣಿನ ಅಥವಾ ಸುಣ್ಣದ ಗಾರೆಯ ಗೋಡೆಗಳ ಬುಡಕ್ಕೆ ಸೇರುತ್ತದೆ. ನೆಲ ಚೆನ್ನಾಗಿ ಕಂಡರೂ ಗೋಡೆಯ ಬುಡದಲ್ಲಿ ಸುಣ್ಣ ಉದುರತೊಡಗುತ್ತದೆ.

ತೇವವನ್ನು ಪರೀಕ್ಷಿಸುವ ಸರಳ ವಿಧಾನ, ಸುಮಾರು 45 ಸೆಂ.ಮೀ. ಉದ್ದಗಲದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚುಗಳನ್ನು ಟೇಪಿನಿಂದ ಗಾಳಿಯಾಡದಂತೆ ಅಂಟಿಸುವುದು. ಅಮೆರಿಕದ ಎಎಸ್‌ಟಿಎಂ ಮಾನದಂಡದ ಪ್ರಕಾರ ಕನಿಷ್ಠ 16 ಗಂಟೆ ಬಿಡಬೇಕು. ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದ್ದರೆ ಅಥವಾ ಕೆಳಗಿನ ನೆಲ ಕಪ್ಪಾಗಿದ್ದರೆ ತೇವವಿದೆ. ಆದರೆ ಆಕ್ಸೈಡ್ ನೆಲದಲ್ಲಿ ಈ ಪರೀಕ್ಷೆ ಸುಳ್ಳು ಹೇಳುವ ಸಾಧ್ಯತೆ ಇದೆ: ಮೇಲಿರುವ ಮೇಣ ತೇವವನ್ನು ತಡೆದು ಹಾಳೆಯನ್ನು ಒಣಗಿದಂತೆ ತೋರಿಸುತ್ತದೆ. ಆದ್ದರಿಂದ ಕೋಣೆಯ ಮೂರು ನಾಲ್ಕು ಕಡೆ ಹಾಳೆಯ ಅಳತೆಯಷ್ಟು ಜಾಗದ ಮೇಣವನ್ನು ಮೊದಲು ತೆಗೆದು, ಲಘುವಾಗಿ ಉಜ್ಜಿ, ತೊಳೆದ ನೀರು ಪೂರ್ತಿ ಆರಿದ ಮೇಲೆ ಅಲ್ಲಿ ಹಾಳೆ ಅಂಟಿಸಬೇಕು. ಒಂದು ಹಾಳೆ ಹೊರಗೋಡೆಯ ಬಳಿ, ಒಂದು ಬಚ್ಚಲಿನ ಕಡೆ, ಒಂದು ಕೋಣೆಯ ನಡುವೆ ಇರಲಿ.

ಪರೀಕ್ಷೆಯನ್ನು ಯಾವ ತಿಂಗಳಲ್ಲಿ ಮಾಡುತ್ತೇವೆ ಎಂಬುದೂ ಮುಖ್ಯ. ಏಪ್ರಿಲ್‌ನಲ್ಲಿ ಒಣಗಿದಂತೆ ಕಾಣುವ ನೆಲ ಆಗಸ್ಟ್‌ನಲ್ಲಿ ಒದ್ದೆಯಾಗಿರಬಹುದು, ಮಲೆನಾಡು ಮತ್ತು ಕರಾವಳಿಯಲ್ಲಂತೂ ಇದು ಸಾಮಾನ್ಯ. ಮಳೆಗಾಲದಲ್ಲಿ ಪರೀಕ್ಷಿಸಿ ಬೇಸಿಗೆಯಲ್ಲಿ ಲೇಪನ ಮಾಡುವುದು ಅತ್ಯುತ್ತಮ ಕ್ರಮ. ಮಳೆಗಾಲದಲ್ಲಿ ನೆಲ ಬೆವರುವುದನ್ನು ಮಾತ್ರ ಇದರೊಂದಿಗೆ ಬೆರೆಸಿಕೊಳ್ಳಬಾರದು. ಅದು ತಣ್ಣಗಿನ ನೆಲದ ಮೇಲೆ ಗಾಳಿಯ ತೇವ ಹನಿಗಟ್ಟುವುದರಿಂದ ಆಗುತ್ತದೆ. ಹಾಳೆಯ ಮೇಲ್ಭಾಗ ಒದ್ದೆಯಾಗಿ ಒಳಭಾಗ ಒಣಗಿದ್ದರೆ ಅದು ಗಾಳಿಯ ತೇವ, ಒಳಭಾಗ ಒದ್ದೆಯಾಗಿದ್ದರೆ ಮಣ್ಣಿನದು. ನೆಲದ ಮೇಲೆ ಅಲ್ಲಲ್ಲಿ ಬಿಳಿ ಉಪ್ಪಿನ ಪುಡಿ ಮೂಡುತ್ತಿದ್ದರೆ ಪರೀಕ್ಷೆಯೇ ಬೇಕಿಲ್ಲ, ತೇವ ಮೇಲೇರುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಅಳತೆ ಬೇಕೆಂದರೆ, ಕ್ಯಾಲ್ಸಿಯಂ ಕ್ಲೋರೈಡ್ ಪರೀಕ್ಷೆಯಲ್ಲಿ (ತೇವ ಹೀರುವ ಈ ಲವಣವನ್ನು ನೆಲದ ಮೇಲೆ ಮುಚ್ಚಿಟ್ಟು ಅದರ ತೂಕ ಎಷ್ಟು ಹೆಚ್ಚಿತೆಂದು ನೋಡುವುದು) 1,000 ಚದರ ಅಡಿಗೆ 24 ಗಂಟೆಯಲ್ಲಿ 3 ಪೌಂಡ್, ಅಂದರೆ ಸುಮಾರು 1.36 ಕಿಲೋಗ್ರಾಂ ನೀರಾವಿ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಮಿತಿ. ತೇವಮಾಪಕದಲ್ಲಿ ತೂಕದ ಶೇ. 4ಕ್ಕಿಂತ ಹೆಚ್ಚು ತೋರಿಸಿದರೆ ಅನೇಕ ಎಪಾಕ್ಸಿಗಳನ್ನು ಹಾಕಬಾರದೆಂದು ತಯಾರಕರೇ ಹೇಳುತ್ತಾರೆ. ನೀವು ಕೊಳ್ಳುವ ರೆಸಿನ್ನಿನ ಮಾಹಿತಿ ಪತ್ರದಲ್ಲಿರುವ ಮಿತಿಯೇ ಕೊನೆಯ ಮಾತು.

ತೇವ ಹೆಚ್ಚಿದ್ದರೆ ಮೊದಲು ಕಾರಣ ಹುಡುಕಿ: ಸೋರುವ ಪೈಪು, ಮುಚ್ಚಿಹೋದ ಮೋರಿ, ಗೋಡೆಗೆ ಒತ್ತಿ ಮಾಡಿದ ಹೂವಿನ ಪಾತಿ, ಮನೆಯ ಒಳಗಿನ ನೆಲಕ್ಕಿಂತ ಎತ್ತರವಾಗಿಬಿಟ್ಟ ರಸ್ತೆ. ಇವನ್ನು ಸರಿಪಡಿಸಿ ಒಂದು ಮಳೆಗಾಲ ಕಾದು ಮತ್ತೆ ಪರೀಕ್ಷಿಸಬೇಕು. ಆಗಲೂ ತೇವವಿದ್ದರೆ ರೆಸಿನ್ ಬೇಡ. ಲೀಥಿಯಂ ಸಿಲಿಕೇಟಿನಂಥ ಗಟ್ಟಿಕಾರಕವನ್ನು ಹೀರಿಸಿ ಪಾಲಿಷ್ ಮಾಡಿಸಿದರೆ ನೆಲದ ಉಸಿರಾಟವೂ ಉಳಿಯುತ್ತದೆ, ಧೂಳೂ ಕಡಿಮೆಯಾಗುತ್ತದೆ. ಮಹಡಿಯ ಮೇಲಿನ ಕೋಣೆಗಳಿಗೆ ಮಣ್ಣಿನ ತೇವದ ತೊಂದರೆ ಇರುವುದಿಲ್ಲ, ಅಲ್ಲಿ ಈ ಕೆಲಸ ಎಷ್ಟೋ ಸುಲಭ.

ಮೇಣ, ಎಣ್ಣೆ, ಫಿನಾಯಿಲು

ಮೇಣ ತೆಗೆಯದೆ ನೇರವಾಗಿ ಯಂತ್ರ ಹಚ್ಚುವುದು ಅನೇಕ ಗುತ್ತಿಗೆದಾರರ ಅಭ್ಯಾಸ. ಇದರಿಂದ ಘರ್ಷಣೆಯ ಬಿಸಿಗೆ ಮೇಣ ಕರಗಿ ಹೊಸದಾಗಿ ತೆರೆದುಕೊಂಡ ರಂಧ್ರಗಳೊಳಗೆ ಇಳಿಯುತ್ತದೆ, ವಜ್ರದ ಪ್ಯಾಡುಗಳೂ ಕಟ್ಟಿಕೊಳ್ಳುತ್ತವೆ. ತೊಳೆಯುವುದು ಮೊದಲು, ಉಜ್ಜುವುದು ಆಮೇಲೆ.

ಎಲ್ಲಿ ಏನಿದೆ ಎಂದು ತಿಳಿಯಲು ನೀರಿನ ಹನಿ ಸಾಕು. ನೆಲದ ಮೇಲೆ ಹಾಕಿದ ಹನಿ ಮುತ್ತಿನಂತೆ ದುಂಡಗೆ ನಿಂತರೆ ಮೇಣವೋ ಎಣ್ಣೆಯೋ ಇದೆ. ಹರಡಿಕೊಂಡು ಒಂದೆರಡು ನಿಮಿಷದಲ್ಲಿ ನೆಲ ಕಪ್ಪಾಗಿ ಹೀರಿಕೊಂಡರೆ ರಂಧ್ರ ತೆರೆದಿದೆ. ಕೋಣೆಯ ಹತ್ತಾರು ಕಡೆ ಹೀಗೆ ನೋಡಿ ಗುರುತು ಹಾಕಿಕೊಳ್ಳಿ.

ಕೊಬ್ಬರಿ ಎಣ್ಣೆಗೂ ಮೇಣಕ್ಕೂ ಮದ್ದು ಬೇರೆ ಬೇರೆ. ಕೊಬ್ಬರಿ ಎಣ್ಣೆ ಕ್ಷಾರದೊಂದಿಗೆ ಸೇರಿ ಸಾಬೂನಾಗುತ್ತದೆ, ಆದ್ದರಿಂದ ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡಾ ಅಥವಾ ಕ್ಷಾರಯುಕ್ತ ಡಿಗ್ರೀಸರನ್ನು ಸುರಿದು, ಹತ್ತು ಹದಿನೈದು ನಿಮಿಷ ನೆನೆಯಲು ಬಿಟ್ಟು, ನೈಲಾನ್ ಬ್ರಷ್ಷಿನಿಂದ ತಿಕ್ಕಿದರೆ ಅದು ಬಿಟ್ಟುಕೊಡುತ್ತದೆ. ನೆಲದ ಮೇಲೆ ಒಣಗಲು ಬಿಡದೆ ಆ ಕೊಳೆನೀರನ್ನು ವೆಟ್ ವ್ಯಾಕ್ಯೂಮಿನಿಂದಲೋ ರಬ್ಬರ್ ವೈಪರಿನಿಂದಲೋ ಎಳೆದು ತೆಗೆಯಬೇಕು, ಇಲ್ಲದಿದ್ದರೆ ಸಾಬೂನು ಮತ್ತೆ ಅಲ್ಲೇ ಕೂರುತ್ತದೆ. ಪ್ಯಾರಾಫಿನ್ ಮೇಣ ಸೋಡಾಕ್ಕೆ ಜಗ್ಗುವುದಿಲ್ಲ. ಅದಕ್ಕೆ ಮಿನರಲ್ ಟರ್ಪೆಂಟೈನ್ ಬೇಕು. ಸಣ್ಣ ಸಣ್ಣ ಭಾಗಗಳಲ್ಲಿ ಟರ್ಪೆಂಟೈನ್ ಹಚ್ಚಿ ಉಜ್ಜಿ, ಕರಗಿದ ಮೇಣವನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ ತೆಗೆಯಬೇಕು. ಬಟ್ಟೆ ಬೇಗಬೇಗ ಬದಲಾಗಬೇಕು, ಇಲ್ಲವಾದರೆ ಒಂದು ಕಡೆಯ ಮೇಣವನ್ನು ಇನ್ನೊಂದು ಕಡೆ ಬಳಿದಂತಾಗುತ್ತದೆ. ಈ ಹೊತ್ತಿನಲ್ಲಿ ಅಡುಗೆ ಒಲೆ, ದೇವರ ದೀಪ, ಊದುಬತ್ತಿ ಯಾವುದೂ ಉರಿಯುತ್ತಿರಬಾರದು, ಕಿಟಕಿಗಳು ತೆರೆದಿರಬೇಕು, ಒರೆಸಿದ ಬಟ್ಟೆಗಳನ್ನು ಮನೆಯೊಳಗೆ ಗುಡ್ಡೆ ಹಾಕಬಾರದು.

ದೇವರ ಮನೆಯ ದೀಪದ ಎಣ್ಣೆ, ಅಡುಗೆಮನೆಯ ಒಗ್ಗರಣೆಯ ಎಣ್ಣೆ ಆಳಕ್ಕೆ ಇಳಿದಿದ್ದರೆ ತಿಕ್ಕುವುದರಿಂದ ಬರುವುದಿಲ್ಲ. ಮುಲ್ತಾನಿ ಮಿಟ್ಟಿ ಅಥವಾ ಸೀಮೆಸುಣ್ಣದ ಪುಡಿಯನ್ನು ಟರ್ಪೆಂಟೈನಿನಲ್ಲಿ ಕಲಸಿ ಅರ್ಧ ಅಂಗುಲ ದಪ್ಪ ಮೆತ್ತಿ, ಪ್ಲಾಸ್ಟಿಕ್ಕಿನಿಂದ ಮುಚ್ಚಿ ಒಂದು ದಿನ ಬಿಟ್ಟು, ಆಮೇಲೆ ತೆರೆದು ಒಣಗಲು ಬಿಟ್ಟರೆ ಎಣ್ಣೆ ಆ ಪುಡಿಗೆ ಏರಿಬರುತ್ತದೆ. ಎರಡು ಮೂರು ಸಲ ಮಾಡಬೇಕಾಗಬಹುದು. ನಿತ್ಯ ನೆಲ ಒರೆಸಿದ ಫಿನಾಯಿಲಿನ ಜಿಡ್ಡೂ ಸಣ್ಣದಲ್ಲ; ಅದು ಉಳಿದಲ್ಲಿ ರೆಸಿನ್ ಹರಡದೆ ಸಣ್ಣ ಸಣ್ಣ ಕುಳಿಗಳಾಗಿ ಹಿಂದಕ್ಕೆ ಸರಿಯುತ್ತದೆ. ಕೆಲಸ ಶುರುವಾಗುವ ಕೆಲವು ವಾರ ಮೊದಲೇ ಫಿನಾಯಿಲು ನಿಲ್ಲಿಸಿ ಬರಿಯ ನೀರಿನಲ್ಲಿ ಒರೆಸುವುದು ಒಳ್ಳೆಯದು.

ಕೆಲವು ಮನೆಗಳಲ್ಲಿ ಸವೆದ ನೆಲಕ್ಕೆ ಕೆಂಪು ಎಣ್ಣೆಬಣ್ಣ ಬಳಿದಿರುತ್ತಾರೆ, ಹೊಸ್ತಿಲ ಬಳಿ ಎನಾಮೆಲ್ಲಿನಲ್ಲಿ ರಂಗೋಲಿ ಬರೆದಿರುತ್ತಾರೆ. ಇದನ್ನೆಲ್ಲ ತೆಗೆಯಲೇಬೇಕು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು 90 ಪಿಪಿಎಂಗೆ ಮಿತಿಗೊಳಿಸಿದ ನಿಯಮ ಬಂದದ್ದು 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದೆಂದೇ ಭಾವಿಸಿ, ಒಣದಾಗಿ ಉಜ್ಜದೆ ಪೇಂಟ್ ರಿಮೂವರ್ ಹಚ್ಚಿ ಕೆರೆದು ತೆಗೆಯಿರಿ. ಮಕ್ಕಳನ್ನೂ ಗರ್ಭಿಣಿಯರನ್ನೂ ಆ ದಿನಗಳಲ್ಲಿ ಮನೆಯಿಂದ ದೂರವಿಡಿ.

ಕೊನೆಗೆ ಶುದ್ಧ ನೀರಿನಿಂದ ಎರಡು ಸಲ ತೊಳೆದು, ಮತ್ತೆ ಹನಿ ಪರೀಕ್ಷೆ ಮಾಡಬೇಕು. ಕರಣೆಯ ನಯದಿಂದಾಗಿ ಹನಿ ಇನ್ನೂ ನಿಧಾನವಾಗಿ ಇಂಗಬಹುದು, ಆದರೆ ದುಂಡಗೆ ನಿಲ್ಲಬಾರದು.

ಆಸಿಡ್ ಬಗ್ಗೆ ಒಂದು ಮಾತು

ಮ್ಯೂರಿಯಾಟಿಕ್ (ಹೈಡ್ರೋಕ್ಲೋರಿಕ್) ಆಸಿಡ್ ಸುರಿದರೆ ನೆಲ ತರಿಯಾಗುತ್ತದೆ ಎಂದು ಹಲವರು ಸೂಚಿಸುತ್ತಾರೆ. ಆಕ್ಸೈಡ್ ನೆಲಕ್ಕೆ ಇದನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. ಮೇಣ ಉಳಿದ ಕಡೆ ಆಸಿಡ್ ಏನೂ ಮಾಡುವುದಿಲ್ಲ, ಮೇಣವಿಲ್ಲದ ಕಡೆ ಸಿಮೆಂಟನ್ನು ತಿಂದು ಬಣ್ಣವನ್ನು ಮಚ್ಚೆ ಮಚ್ಚೆಯಾಗಿಸುತ್ತದೆ, ಬಿರುಕುಗಳಲ್ಲಿ ಉಳಿದ ಲವಣಗಳು ಮುಂದೆ ಲೇಪನವನ್ನು ಎಬ್ಬಿಸುತ್ತವೆ. ಮುಚ್ಚಿದ ಕೋಣೆಯಲ್ಲಿ ಅದರ ಹೊಗೆ ಶ್ವಾಸಕೋಶಕ್ಕೆ ಅಪಾಯ. ಮೊಸಾಯಿಕ್ಕಿನಲ್ಲಿರುವ ಅಮೃತಶಿಲೆಯ ಚೂರುಗಳನ್ನಂತೂ ಅದು ನೇರವಾಗಿ ಕರಗಿಸುತ್ತದೆ.

ಉಜ್ಜುವುದು

ಅಂತರರಾಷ್ಟ್ರೀಯ ಕಾಂಕ್ರೀಟ್ ದುರಸ್ತಿ ಸಂಸ್ಥೆ ಮೇಲ್ಮೈಯ ಒರಟುತನವನ್ನು 1ರಿಂದ (ಅತಿ ನಯ) 10ರವರೆಗಿನ (ಅತಿ ಒರಟು) ಮಟ್ಟಗಳಾಗಿ ವಿಂಗಡಿಸಿದೆ. ತೆಳು ಲೇಪನಕ್ಕೆ 1ರಿಂದ 3ರೊಳಗಿನ ಮಟ್ಟ ಸಾಕು; ಆಕ್ಸೈಡ್ ನೆಲದ ಮೇಲೆ ಪಾರದರ್ಶಕ ಲೇಪನವಾದರೆ 1 ಅಥವಾ 2. ಕೈಗೆ ಸಣ್ಣ ಮರಳುಕಾಗದದಂತೆ ತಾಗಿದರೆ ಅದೇ ಸರಿಯಾದ ಹದ. ಶಾಟ್ ಬ್ಲಾಸ್ಟಿಂಗ್, ಸ್ಕ್ಯಾರಿಫೈಯರ್‌ನಂಥ ಯಂತ್ರಗಳು ಗೋದಾಮಿನ ನೆಲಗಳಿಗೆ ತಕ್ಕವು; ಇಲ್ಲಿಗೆ ಅವು ಬೇಡ.

ಹಲವು ತಲೆಗಳು ಒಟ್ಟಿಗೆ ತಿರುಗುವ ಪ್ಲಾನೆಟರಿ ಗ್ರೈಂಡರ್ ಸಿಕ್ಕರೆ ಅದನ್ನೇ ಬಳಸಿ, ಅದು ನೆಲವನ್ನು ಸಮನಾಗಿ ತೆಗೆಯುತ್ತದೆ. 30 ಅಥವಾ 40 ಗ್ರಿಟ್ಟಿನಿಂದ (ಸಂಖ್ಯೆ ಕಡಿಮೆಯಾದಷ್ಟೂ ಪ್ಯಾಡು ಒರಟು) ಆರಂಭಿಸುವುದು ರೂಢಿಯಾದರೂ ಆಕ್ಸೈಡ್ ನೆಲದಲ್ಲಿ 100 ಅಥವಾ 120ರಿಂದ ಆರಂಭಿಸಿ, ಅದು ಸಾಲದೆ ಬಂದರೆ ಮಾತ್ರ 80ಕ್ಕೆ ಇಳಿಯಬೇಕು. ಮಂಚದ ಅಡಿಯಲ್ಲೋ ಬೀರುವಿನ ಹಿಂದೆಯೋ ಬರುವ ಒಂದು ಮೂಲೆಯಲ್ಲಿ ಪ್ರಯೋಗ ಮಾಡಿ, ಎಷ್ಟು ಸುತ್ತು ಉಜ್ಜಿದರೆ ಹೊಳಪು ಹೋಗುತ್ತದೆ, ಎಷ್ಟಕ್ಕೆ ಬಣ್ಣ ತೆಳುವಾಗತೊಡಗುತ್ತದೆ ಎಂದು ನೋಡಿಕೊಂಡು, ಆ ಲೆಕ್ಕದಲ್ಲಿ ಮುಂದುವರಿಯಬೇಕು. ಅಂಚುಗಳಿಗೆ ಕೈಯಂತ್ರ ಅನಿವಾರ್ಯ. ಆದರೆ ಆಂಗಲ್ ಗ್ರೈಂಡರಿನ ಕಪ್ ವೀಲ್ ಒಂದು ಕ್ಷಣ ವಾಲಿದರೂ ಅರ್ಧಚಂದ್ರದ ಗುಳಿ ಬೀಳುತ್ತದೆ, ಪಾರದರ್ಶಕ ಲೇಪನದ ಕೆಳಗೆ ಅದು ಎಂದೂ ಮರೆಯಾಗುವುದಿಲ್ಲ.

ಊರಿನಲ್ಲಿ ಸಿಗುವುದು ಮೊಸಾಯಿಕ್ ಪಾಲಿಷ್ ಮಾಡುವವರ ಯಂತ್ರ ಮಾತ್ರವಾದರೆ ಅದರಿಂದಲೂ ಕೆಲಸ ಆಗುತ್ತದೆ, ಆದರೆ ಮೊದಲೇ ಸ್ಪಷ್ಟವಾಗಿ ಹೇಳಿಬಿಡಬೇಕು: ನಮಗೆ ಹೊಳಪು ಬೇಡ, ನುಣುಪು ಕಲ್ಲಿಗೆ ಹೋಗಬೇಡಿ, ಕೊನೆಗೆ ಆಕ್ಸಾಲಿಕ್ ಆಸಿಡ್ ಪುಡಿ ಹಾಕಬೇಡಿ. ಹೊಳಪು ತರುವುದೇ ಅವರ ಕಸುಬಾದ್ದರಿಂದ, ಹೇಳದಿದ್ದರೆ ಅವರು ಮುಗಿಸುವುದೇ ಹಾಗೆ. ನೀರು ಹಾಕಿ ಅರೆಯುವಾಗ ಬರುವ ಕೆಸರನ್ನು ಒಣಗುವ ಮೊದಲೇ ಎಳೆದು ತೆಗೆಯಬೇಕು, ಒಣಗಿದರೆ ಅದು ರಂಧ್ರಗಳಲ್ಲಿ ಗಟ್ಟಿಯಾಗುತ್ತದೆ. ನೀರು ಬಳಸಿದ ಮೇಲೆ ನೆಲ ಆರಲು ಹಲವು ದಿನ ಬೇಕು, ತೇವದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು.

ಒಣದಾಗಿ ಅರೆಯುವುದಾದರೆ ಯಂತ್ರಕ್ಕೆ ಹೆಪಾ ಫಿಲ್ಟರಿರುವ ವ್ಯಾಕ್ಯೂಮ್ ಜೋಡಿಸಿರಲೇಬೇಕು. ಈ ಧೂಳಿನಲ್ಲಿ ಸ್ಫಟಿಕ ರೂಪದ ಸಿಲಿಕಾ ಇರುತ್ತದೆ, ಅದರಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯನ್ನು ಗುಣಪಡಿಸುವ ಚಿಕಿತ್ಸೆಯಿಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಲದು. ಎನ್95 ಅಥವಾ ಅದಕ್ಕಿಂತ ಉತ್ತಮ ಮಾಸ್ಕನ್ನು ಕೆಲಸಗಾರರಿಗೆ ಕೊಡುವುದು ಮನೆಯವರ ಹೊಣೆಯೂ ಹೌದು ಎಂದು ನಾನು ನಂಬುತ್ತೇನೆ.

ಬಿರುಕುಗಳು

ಮೊದಲ ಸುತ್ತು ಅರೆದ ಮೇಲೆ ಬಿರುಕುಗಳು ನಿಚ್ಚಳವಾಗಿ ಕಾಣುತ್ತವೆ. ಕೂದಲೆಳೆಯಂಥ ಜಾಲಬಿರುಕುಗಳು ಆಕ್ಸೈಡ್ ನೆಲದ ಸಹಜ ಗುಣ, ಪ್ರೈಮರ್ ಅವುಗಳೊಳಗೆ ತಾನೇ ಇಳಿಯುತ್ತದೆ. ಉಗುರು ಸಿಕ್ಕುವಷ್ಟು ಅಗಲದವನ್ನು ಮಾತ್ರ ವಿ ಆಕಾರದಲ್ಲಿ ತೆರೆದು, ಧೂಳು ಹೀರಿ ತೆಗೆದು, ಎಪಾಕ್ಸಿಗೆ ನಯವಾದ ಸಿಲಿಕಾ ಪುಡಿ ಮತ್ತು ಆಕ್ಸೈಡ್ ಬಣ್ಣ ಬೆರೆಸಿ ತುಂಬಿ, ಗಟ್ಟಿಯಾದ ಮೇಲೆ ಸಮಮಾಡಬೇಕು. ಹಳೆಯ ನೆಲದ ಕೆಂಪು ಕಾಲಕ್ರಮದಲ್ಲಿ ಕಂದಿರುತ್ತದೆ. ಬಣ್ಣ ಹೊಂದಿಸಲು ಸ್ವಲ್ಪ ಕಪ್ಪು ಆಕ್ಸೈಡ್ ಸೇರಿಸಬೇಕಾಗಬಹುದು. ಮಾದರಿಯನ್ನು ಒದ್ದೆ ಮಾಡಿದ ನೆಲದ ಪಕ್ಕ ಹಿಡಿದು ನೋಡಬೇಕು, ಲೇಪನವಾದ ಮೇಲೆ ನೆಲ ಕಾಣುವುದೇ ಹಾಗೆ.

ಮಳೆಗಾಲಕ್ಕೆ ಮುಚ್ಚಿ ಬೇಸಿಗೆಗೆ ತೆರೆಯುವ ಬಿರುಕು ಜೀವಂತವಾದದ್ದು. ಅದನ್ನು ಗಟ್ಟಿ ಎಪಾಕ್ಸಿಯಿಂದ ಮುಚ್ಚಿದರೆ ಅಲ್ಲೇ ಅಥವಾ ಪಕ್ಕದಲ್ಲೇ ಮತ್ತೆ ಒಡೆಯುತ್ತದೆ. ಅಂಥದನ್ನೂ, ಗಾಜಿನ ಅಥವಾ ಹಿತ್ತಾಳೆಯ ಪಟ್ಟಿ ಕೂರಿಸಿದ ಜೋಡಣೆಗಳನ್ನೂ ಲೇಪನದಲ್ಲಿ ಗೆರೆಯಾಗಿ ಹಾಗೇ ಬಿಟ್ಟು, ಬಾಗುವ ಪಾಲಿಯುರೆಥೇನ್ ಸೀಲಂಟ್ ತುಂಬುವುದು ಸರಿ.

ಧೂಳು, ಹವೆ, ಪ್ರೈಮರ್

ಗುಡಿಸುವುದರಿಂದ ಧೂಳು ಹೋಗುವುದಿಲ್ಲ, ಸ್ಥಳ ಬದಲಿಸುತ್ತದೆ. ಎರಡು ಅಡ್ಡ ದಿಕ್ಕುಗಳಲ್ಲಿ ವ್ಯಾಕ್ಯೂಮ್ ಮಾಡಿ, ನೂಲು ಬಿಡದ ಬಟ್ಟೆಯನ್ನು ಲೇಪನಕ್ಕೆ ಹೊಂದುವ ದ್ರಾವಕದಲ್ಲಿ ತುಸು ಒದ್ದೆಮಾಡಿ ಒರೆಸಿ. ಪಾರದರ್ಶಕ ಟೇಪನ್ನು ನೆಲಕ್ಕೆ ಒತ್ತಿ ಕಿತ್ತಾಗ ಅದರ ಮೇಲೆ ಪುಡಿ ಕಾಣಬಾರದು.

ಲೇಪನದ ದಿನ ನೆಲದ ಉಷ್ಣಾಂಶ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು. ಗಾಳಿ 28 ಡಿಗ್ರಿಯಲ್ಲಿದ್ದು ತೇವಾಂಶ ಶೇ. 80 ಇದ್ದರೆ ಇಬ್ಬನಿ ಬಿಂದು ಸುಮಾರು 24 ಡಿಗ್ರಿ. ಅಂದರೆ ನೆಲ 27ಕ್ಕಿಂತ ತಣ್ಣಗಿದ್ದರೆ ಆ ದಿನ ಕೆಲಸ ಬೇಡ. ತೇವದ ಗಾಳಿಯಲ್ಲಿ ಎಪಾಕ್ಸಿಯ ಹಾರ್ಡನರ್ ಗಾಳಿಯೊಡನೆ ವರ್ತಿಸಿ ಮೇಲೆ ಜಿಡ್ಡಿನ ಬಿಳಿ ಪೊರೆ ಕಟ್ಟುತ್ತದೆ, ಮುಂದಿನ ಕೋಟು ಅದರ ಮೇಲೆ ನಿಲ್ಲುವುದಿಲ್ಲ. ನಮ್ಮಲ್ಲಿ ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿಯೇ ಇದಕ್ಕೆ ಅನುಕೂಲ. ಬೆಳಗ್ಗೆ ಬಿಸಿಲೇರುವಾಗ ಹಾಕಿದರೆ ರಂಧ್ರಗಳಲ್ಲಿನ ಗಾಳಿ ಹಿಗ್ಗಿ ಗುಳ್ಳೆಗಳನ್ನು ಎಬ್ಬಿಸುತ್ತದೆ. ಉಷ್ಣಾಂಶ ಇಳಿಯತೊಡಗುವ ಮಧ್ಯಾಹ್ನದ ಮೇಲೆ ಹಾಕಿದರೆ ಪ್ರೈಮರ್ ಒಳಕ್ಕೆ ಎಳೆದುಕೊಳ್ಳುತ್ತದೆ.

ಇಡೀ ಕೋಣೆಗೆ ಕೈಹಚ್ಚುವ ಮುನ್ನ ಒಂದು ಚದರ ಅಡಿಗೆ ಪ್ರೈಮರನ್ನೂ ಮೇಲಿನ ಕೋಟನ್ನೂ ಹಾಕಿ ಒಂದು ವಾರ ಬಿಡಿ. ಆಮೇಲೆ ಚೂಪಾದ ಉಳಿಯಿಂದ ಎಬ್ಬಿಸಿ ನೋಡಿ. ಎದ್ದುಬಂದ ಚೂರಿನ ಹಿಂಭಾಗದಲ್ಲಿ ಕೆಂಪು ಗಾರೆ ಕಚ್ಚಿಕೊಂಡಿದ್ದರೆ ಬೆಸುಗೆ ಗಾರೆಗಿಂತಲೂ ಬಲವಾಗಿದೆ, ಧೈರ್ಯವಾಗಿ ಮುಂದುವರಿಯಬಹುದು. ಹಿಂಭಾಗ ನುಣುಪಾಗಿ, ಸ್ವಚ್ಛವಾಗಿ ಬಂದರೆ ಮೇಣವೋ ಹೊಳಪೋ ಇನ್ನೂ ಉಳಿದಿದೆ. ಮೇಣ ತೆಗೆಯುವ ಮತ್ತು ಉಜ್ಜುವ ಹಂತಗಳಿಗೆ ಮರಳಬೇಕು. ಪ್ರಯೋಗ ಸರಿಬಂದ ಮೇಲೆ, ಅರೆದು ಸ್ವಚ್ಛಗೊಳಿಸಿದ ನೆಲದ ಮೇಲೆ ಬರಿಗಾಲಲ್ಲಿ ಯಾರೂ ಓಡಾಡದಂತೆ ನೋಡಿಕೊಂಡು, ಸಾಧ್ಯವಾದರೆ ಅದೇ ದಿನ, ತಡವೆಂದರೆ ಮರುದಿನ ಮಧ್ಯಾಹ್ನದ ಮೇಲೆ ಪ್ರೈಮರಿನ ಮೊದಲ ಕೋಟನ್ನು ಹಾಕಿಸಿ.